ಒಂದು ತೆಗೆದರೆ ಇನ್ನೊಂದು

ಬಿಲ್ಲಿನ ಪ್ರೋಗ್ರಾಮಿನ ಮೇಲೆ ಮೌಸ್ ಒತ್ತುವ ಮೊದಲು ವಿದ್ಯಾವತಿ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಹುಮನಾಬಾದಿನ ಬಜಾರಿನ ಪಾತ್ರೆ-ಭಾಂಡೆಗಳ ಅಂಗಡಿಯ ಬಾಗಿಲು ತೆಗೆದು, ಕಸ ಗುಡಿಸಿ, ತಾಮ್ರದ ಹಂಡೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಬೆವರೊರೆಸಿಕೊಂಡು ಗಾದಿಯ ಮೇಲೆ ಕುಳಿತ ಮೇಲೂ ಆ ಒಂದು ಗಳಿಗೆ ಅವಳ ಬೆರಳು ತಡೆಯುತ್ತಿತ್ತು. ಒತ್ತಿದರೆ ಬಿಲ್ಲಿನ ಹಾಳೆ ತೆರೆಯುತ್ತದೆ. ಅದರ ಬೆನ್ನಿಗೇ, ಯಾರೂ ಕರೆಯದೆ, ಪರದೆಯ ಮೂಲೆಯಲ್ಲಿ ಇನ್ನೊಂದು ಕಿಟಕಿ ತೆರೆಯುತ್ತದೆ. ಅದರೊಳಗೆ ಮಾವ ಇರುತ್ತಾರೆ.

ಮಾವ ಬಸವಣಪ್ಪ ಆ ಗಾದಿಯ ಮೇಲೆ ಕೂತು ಕೂತೇ ಮುದುಕರಾದವರು. ಮನೆ ಬಸವಕಲ್ಯಾಣದಲ್ಲಿ, ಅಂಗಡಿ ಹುಮನಾಬಾದಿನಲ್ಲಿ. ಆಯುಷ್ಯವೆಲ್ಲ ರಾಜೇಶ್ವರದ ಮೇಲೆ ಹಾಯುವ ಬಸ್ಸಿನಲ್ಲಿ ಓಡಾಡಿದರು. ಹೋದ ದೀಪಾವಳಿಯ ಮುಂದೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಸತ್ತವು. ಮಾತೂ ಹೋಯಿತು. ಮಗ ಬಸವಕಿರಣ ಕಲ್ಯಾಣದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಪಾತ್ರೆಗಳ ಸಪ್ಪಳ ಕೇಳಿದರೆ ಅವನಿಗೆ ತಲೆ ನೋಯುತ್ತಿತ್ತು. ಹೀಗಾಗಿ ಗಾದಿಗೆ ಸೊಸೆ ಬಂದಳು. ಅಪ್ಪನ ಮಂಚದ ಎದುರಿಗೆ, ಕೂತು ಬಗ್ಗಿದರೆ ಮುಖ ಮುಟ್ಟುವಷ್ಟು ಹತ್ತಿರದ ಗೋಡೆಗೆ ಒಂದು ಟ್ಯಾಬ್ ಬಂತು. ಅದನ್ನು ಕಿರಣ ತಾನೇ ಸ್ಕ್ರೂ ಹೊಡೆದು ಬಿಗಿದಿದ್ದ.

"ನೀ ಏನೂ ಮಾಡೋದು ಬ್ಯಾಡ," ಎಂದಿದ್ದ ಅವನು, ಅಂಗಡಿಯ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿಕೊಂಡು. "ಬಿಲ್ಲಿಂಗ್ ತಗದಿ ಅಂದ್ರ ಕಾಲ್ ತಾನೇ ಹೋಗ್ತದ. ಅಲ್ಲಿ ಅಪ್ಪನ ಟ್ಯಾಬ್ ತಾನೇ ಎತ್ತಿಕೊಳ್ತದ. ಅಪ್ಪ ಬೆರಳ ಸೈತ ಆಡ್ಸೋದು ಬ್ಯಾಡ."

"ನಡುವ ಬಂದ್ ಮಾಡ್ಬೇಕಂದ್ರ?"

"ಯಾಕ ಮಾಡ್ಬೇಕು?" ಅವನಿಗೆ ನಿಜವಾಗಿಯೂ ಪ್ರಶ್ನೆ ಅರ್ಥವಾಗಿರಲಿಲ್ಲ. "ಮಾಡಿದ್ರೂ ಮತ್ತ ತಾನೇ ಏಳ್ತದ. ಬಿಲ್ಲಿಂಗ್ ಇರೋ ತನಕ ಅಪ್ಪ ಇರ್ತಾರ."

ಒಂದು ತೆಗೆದರೆ ಇನ್ನೊಂದು ತಾನಾಗಿ ತೆರೆಯಬೇಕೆಂದು ಕಂಪ್ಯೂಟರಿಗೆ ಹೇಳಿಟ್ಟಿದ್ದ, ಅಷ್ಟೆ. ಕಾಲೇಜಿನಲ್ಲಿ ಹುಡುಗರಿಗೆ ಎರಡನೇ ವಾರದಲ್ಲೇ ಕಲಿಸುವಂಥದ್ದು ಎಂದು ಆಮೇಲೆ ನಕ್ಕಿದ್ದ. ಬಿಲ್ಲಿಂಗ್ ತೆರೆದ ಕೂಡಲೆ ಅವನ ಮೊಬೈಲಿಗೂ ಒಂದು ಮೆಸೇಜು ಹೋಗುವಂತೆ ಮಾಡಿಕೊಂಡಿದ್ದ.

ಇದರಿಂದ ಆದ ಒಳ್ಳೆಯದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಚಳಿ ಇನ್ನೂ ಇರುವಾಗ ಒಂದು ಬೆಳಿಗ್ಗೆ ದುಬಲಗುಂಡಿಯ ಹೆಣ್ಣುಮಗಳೊಬ್ಬಳು ನೆಗ್ಗಿದ ಕೊಡವೊಂದನ್ನು ಎತ್ತಿಕೊಂಡಿದ್ದಳು. "ಅದ... ಬ್ಯಾಡ" ಎಂದು ಕಂಪ್ಯೂಟರಿನೊಳಗಿಂದ ದನಿ ಬಂತು. ತಿಂಗಳುಗಟ್ಟಲೆ ಮೂಕರಾಗಿದ್ದ ಮಾವ ಮಾತಾಡಿದ್ದರು. ಸುದ್ದಿ ಕೇಳಿ ಕಿರಣ ಕಾಲೇಜಿನ ವರಾಂಡದಲ್ಲೇ ಅತ್ತನಂತೆ. ಡಾಕ್ಟರೂ ಇದನ್ನೇ ನಡೆಸಿಕೊಂಡು ಹೋಗಿ ಎಂದರು.

ಅಂದಿನಿಂದ ಬೋಣಿಯೂ ಅವರದೇ ಆಯಿತು. ದಿನದ ಮೊದಲ ಬಿಲ್ಲನ್ನು ಹರಿದು ಪರದೆಗೆ ಹಿಡಿಯಬೇಕು. ಮಾವ ಎಡಗೈ ಹಣೆಗೆ ಮುಟ್ಟಿಸಿ "ಶರಣು" ಎನ್ನಬೇಕು. ಆಮೇಲೆಯೇ ಗಿರಾಕಿ ಪಾತ್ರೆ ಎತ್ತುವುದು. ಮದುವೆಗೆ ಭಾಂಡೆ ಕೊಳ್ಳಲು ಬಂದವರಂತೂ ಇದಕ್ಕಾಗಿಯೇ ನಸುಕಿನ ಬಸ್ಸು ಹಿಡಿದು ಬರುವರು. ಎದುರಿನ ಚಹದಂಗಡಿಯ ಅಂಬಾದಾಸ ಚಹ ಕೊಡಲು ಬಂದಾಗೊಮ್ಮೆ ಪರದೆಗೆ ಬಗ್ಗಿ ನೋಡಿ, "ಎಲ್ಲಾರ ಮಾಲಕರು ಡಬ್ಬಿ ಮುಂದ ಕೂಡ್ತಾರ, ನಮ್ಮ ಅಪ್ಪಾರು ಡಬ್ಬಿ ಒಳಗ ಕೂತಾರ ನೋಡ್ರಿ!" ಎಂದು ನಗಿಸುತ್ತಿದ್ದ. ಮಾವನೂ ಸೊಟ್ಟ ತುಟಿಯಲ್ಲೇ ನಗುವರು.

ನಗು ಬಾರದಿದ್ದದ್ದು ವಿದ್ಯಾವತಿಗೆ ಮಾತ್ರ. ರೊಟ್ಟಿ ಬುತ್ತಿ ಬಿಚ್ಚಿದರೆ ಪರದೆಗೆ ಬೆನ್ನು ತಿರುಗಿಸಿ ಉಣ್ಣುವಳು. ಗೆಳತಿಯ ಫೋನು ಬಂದರೆ ಬಾಗಿಲ ಹೊರಗೆ, ಹಂಡೆಗಳ ಸಂದಿಯಲ್ಲಿ ನಿಂತು ಮಾತಾಡುವಳು. ಮಾವ ಅವಳ ಸೆರಗಿನ ಬಗ್ಗೆ ಒಂದು ದಿನವೂ ಏನೂ ಅಂದವರಲ್ಲ. ಅನ್ನುತ್ತಿದ್ದದ್ದು ಪಾತ್ರೆಯ ಬಗ್ಗೆ. ಯಾವ ಭಾಂಡೆಯನ್ನೂ ಉಗುರಿನಿಂದ ಚಿಮ್ಮಿ ಅದರ ನಾದ ಕೇಳದೆ ಮಾರಿದವರಲ್ಲ ಅವರು. "ಹೊಡಿ. ಕೇಳ್ಸು," ಎನ್ನುವರು. ಅವಳು ಚಿಮ್ಮುವಳು. ಆ ಸಣ್ಣ ಸ್ಪೀಕರಿನೊಳಗೆ ಹಿತ್ತಾಳೆ ತಾಮ್ರಗಳೆಲ್ಲ ಒಂದೇ ದನಿಯಾಗಿ ಹೋಗುತ್ತಿದ್ದವೋ ಏನೋ, "ನಿನ್ನ ಉಗುರಿಗಿ... ಜೀವಿಲ್ಲ," ಎಂದು ಗಿರಾಕಿಗಳ ಮುಂದೆಯೇ ಬೇಸರ ಮಾಡಿಕೊಳ್ಳುವರು. ಸಂಜೆ ಬಿಲ್ಲಿಂಗ್ ಮುಚ್ಚಿದಾಗ ಅವಳ ಹೆಗಲು ತಾನಾಗಿ ಕೆಳಗಿಳಿಯುತ್ತಿತ್ತು.

ಗಂಡನಿಗೆ ಹೇಳಿ ನೋಡಿದ್ದಳು. ದಿನಕ್ಕೆ ಒಂದು ತಾಸು ಇರಲಿ, ದಿನವೆಲ್ಲ ಬೇಡ ಎಂದು. "ನಿಮ್ಮಪ್ಪ ಹಿಂಗ ಮಲಗಿದ್ರ ಹಿಂಗ ಅಂತಿದ್ದೇನು?" ಎಂದು ಅವನು ತಿರುಗಿ ಕೇಳಿದ್ದ.

ಮದುವೆಯ ಹಂಗಾಮು ಬಂತು. ಒಂದು ದಿನ ಗಿರಾಕಿಗಳು ಅಂಗಡಿ ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತಿದ್ದರು. ಅವಳೂ ಲಗುಬಗೆಯಲ್ಲಿ, ಹಂಡೆ ಜೋಡಿಸುವುದನ್ನೂ ಬಿಟ್ಟು ಬಿಲ್ಲಿಂಗ್ ತೆಗೆದಳು. ಕಿಟಕಿಯೊಳಗೆ ಮಾವನ ಮುಖ ಮಾತ್ರ ಕಂಡಿತು, ಕ್ಯಾಮೆರಾಕ್ಕೆ ಬಹಳ ಹತ್ತಿರ, ರುಮಾಲಿಲ್ಲದ ಬೋಳು ತಲೆ. ಕಣ್ಣು ಕೆಂಡವಾಗಿದ್ದವು. "ಯಾಕ... ಇಷ್ಟ ಲಗೂ... ತಗದಿ?" ಎಂದು ಅವರು ಚೀರಿದ್ದನ್ನು ಅಂಗಡಿಯೆಲ್ಲ ಕೇಳಿತು. ಲಗೂ ತೆಗೆದರೂ ತಪ್ಪು, ತಡ ಮಾಡಿದರೂ ತಪ್ಪು.

ಇದಾಗಿ ಕೆಲವು ದಿನಕ್ಕೆ ಅವಳಿಗೆ ಜ್ವರ ಬಂತು. ಭಾನುವಾರ; ಕಾಲೇಜಿಲ್ಲ. "ನೀ ಮಲ್ಕೋ, ಇವತ್ತ ನಾ ತಗೀತೀನಿ," ಎಂದು ಕಿರಣ ಮೋಟರ್‌ಸೈಕಲ್ ಹತ್ತಿ ಹೋದ.

ವಿದ್ಯಾವತಿ ನಡುಮನೆಯಲ್ಲಿ ಚಾದರ ಹೊದ್ದು ಮಲಗಿದ್ದಳು. ಮಾವನ ಕೋಣೆಯ ಬಾಗಿಲು ನೇರ ಎದುರಿಗಿತ್ತು. ಮದುವೆಯಾಗಿ ಬಂದ ಮನೆಯೇ ಆದರೂ, ಅಂಗಡಿ ತೆರೆಯುವ ಹೊತ್ತಿನಲ್ಲಿ ಆ ಮನೆ ಹೇಗಿರುತ್ತದೆಂದು ಅವಳು ಈ ವರ್ಷ ನೋಡಿರಲೇ ಇಲ್ಲ. ಆ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಿದ್ದಳು.

ಅತ್ತೆ ಶಕುಂತಲಾಬಾಯಿ ಬಿಸಿನೀರಿನ ಬಕೀಟು ತಂದು ಗಂಡನ ಮೈ ಒರೆಸತೊಡಗಿದ್ದರು. ಮಾವ ಸುಮ್ಮನಿರಲಿಲ್ಲ.

"ಗಂಟಿ... ಎಷ್ಟು?"

"ಇನ್ನಾ ಹೊತ್ತದ. ಸುಮ್ನ ಕೂಡ್ರಿ."

"ಬಸ್ಸು... ರಾಜೇಶ್ವರ..."

"ರಾಜೇಶ್ವರ ಇನ್ನೂ ದಾಟಿರಂಗಿಲ್ರಿ. ದಿನಾ ಇದೇ ಹಾಡು. ಕೈ ಎತ್ರಿ."

ವಿದ್ಯಾವತಿ ಚಾದರ ಸರಿಸಿದಳು. ಅವಳ ಬಸ್ಸನ್ನು ಅವರು ಎಣಿಸುತ್ತಿದ್ದರು. ದಿನಾಲೂ, ಮಂಚದ ಮೇಲೆ ಕುಳಿತು, ಅವಳು ಯಾವ ತಿರುವಿನಲ್ಲಿದ್ದಾಳೆ, ಎಷ್ಟು ಹೊತ್ತಿಗೆ ಇಳಿದು, ಎಷ್ಟು ಹೊತ್ತಿಗೆ ಬೀಗ ತೆಗೆದು, ಯಾವಾಗ ಆ ಮೌಸ್ ಒತ್ತುತ್ತಾಳೆ ಎಂದು.

ಮೈ ಒರೆಸಿಯಾದ ಮೇಲೆ ಅತ್ತೆ ಹಣೆಗೆ ವಿಭೂತಿ ಹಚ್ಚಿದರು. ಮಾವನ ಕೊರಳಿನಿಂದ ಲಿಂಗ ತೆಗೆದು ಅವರ ಎಡ ಅಂಗೈಯಲ್ಲಿಟ್ಟರು. ಪೂಜೆ ಮಾಡಬೇಕಾದ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅದರ ಕೆಲಸವನ್ನು ಈಗ ಹೆಂಡತಿ ಮಾಡುತ್ತಿದ್ದರು. ತಂಬಿಗೆಯಿಂದ ನೀರು, ಮೇಲೊಂದು ಹೂವು. ಮಾವ ಅಂಗೈಯ ಮೇಲೆ ದೃಷ್ಟಿ ಇಟ್ಟಿದ್ದರು. ಮೈಮೇಲೆ ನಡುವಿಗೆ ಸುತ್ತಿದ ಒದ್ದೆ ಪಂಚೆ ಬಿಟ್ಟರೆ ಏನೂ ಇರಲಿಲ್ಲ. ಒಂದು ಹೆಗಲು ಇನ್ನೊಂದಕ್ಕಿಂತ ಕೆಳಗಿತ್ತು, ಪಕ್ಕೆಲುಬಿನ ಮೇಲೆ ಚರ್ಮ ಜೋತಿತ್ತು.

ಒಮ್ಮೆಲೆ ಅವರು ತಲೆ ಎತ್ತಿದರು. "ಇವತ್ತ... ಕಿರಣ. ಗಾಡಿ ಮ್ಯಾಲ!"

ಅತ್ತೆಗೂ ಆಗಲೇ ಹೊಳೆದದ್ದು. ಬಸ್ಸಿಗಿಂತ ಗಾಡಿ ಬೇಗ ಮುಟ್ಟುತ್ತದೆ. ಅಂಗಿ ಹುಡುಕಲು ಅವರು ಏಳುವಷ್ಟರಲ್ಲಿ ಗೋಡೆಯ ಮೇಲೆ ಟ್ಯಾಬ್ ತನ್ನ ರಾಗ ಎಳೆಯಿತು. ಯಾರೂ ಮುಟ್ಟಲಿಲ್ಲ. ತಾನೇ ಎತ್ತಿಕೊಂಡಿತು.

ಅಂಗಡಿ ಕೋಣೆಯೊಳಗೆ ಬಂತು. ಕಟ್ಟೆಯ ಮೇಲಿನ ಬಿಸಿಲು, ತಾಟುಗಳ ಸದ್ದು. ನಾಲ್ಕಾರು ಅಪರಿಚಿತ ಮುಖಗಳು ಬಗ್ಗಿ ಒಳಗೆ ನೋಡಿದವು. "ಶರಣ್ರೀ ಅಪ್ಪಾರ!" ಎಂದು ಯಾರೋ ಕೂಗಿದರು. ಕಿರಣ ಪಕ್ಕಕ್ಕೆ ತಿರುಗಿ ಯಾರದೋ ಹೆಸರು ಟೈಪು ಮಾಡುತ್ತಿದ್ದ. ಅಪ್ಪನ ಕಡೆ ನೋಡಲೂ ಇಲ್ಲ.

ಮಾವನಿಗೆ ಇದ್ದದ್ದು ಒಂದೇ ಕೈ. ಅದರಲ್ಲಿ ಲಿಂಗವಿತ್ತು. ಕೆಳಗಿಡುವಂತಿಲ್ಲ, ಮುಚ್ಚಿಕೊಳ್ಳುವಂತಿಲ್ಲ, ಹೊರಳುವಂತಿಲ್ಲ. ಅತ್ತೆ ಟ್ಯಾಬಿನ ಮೇಲೆ ಟವೆಲ್ಲು ಹಾಕಲು ಹೋದರೆ ಅವರು ಬೇಡವೆಂದು ತಲೆಯಾಡಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ಅವರಿಂದ ಮುಚ್ಚಲು ಆಗುತ್ತಿದ್ದದ್ದು ಅದೊಂದೇ.

ಅಂಗಡಿಯಲ್ಲಿ ಅಂಬಾದಾಸ ಚಹದ ಗ್ಲಾಸು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಪರದೆಗೆ ಕೈಮುಗಿದು ನಿಂತದ್ದು ವಿದ್ಯಾವತಿಗೆ ಹಾಸಿಗೆಯಿಂದಲೇ ಕಂಡಿತು.

ಅವಳಿಗೆ ಹೊಳೆಯಿತು. ಮಾವ ಚೀರಿದ ದಿನ ಕ್ಯಾಮೆರಾಕ್ಕೆ ಅಷ್ಟು ಹತ್ತಿರ ಮುಖ ತಂದದ್ದು ಬಯ್ಯಲಿಕ್ಕಲ್ಲ. ಮುಖದ ಹಿಂದೆ ಮೈಯನ್ನು ಅಡಗಿಸಲಿಕ್ಕೆ.

ಮಧ್ಯಾಹ್ನ ಹುಮನಾಬಾದಿನಲ್ಲಿ ಕರೆಂಟು ಹೋಗಿ ಟ್ಯಾಬ್ ಕಪ್ಪಾಯಿತು. ಮಾವನ ಎಡಗೈ ಕೂಡಲೆ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿತು. ಮೂತ್ರದ ಡಬ್ಬಿ ಕೇಳಬೇಕೋ ಬೇಡವೋ ಎಂಬಂತೆ ಅತ್ತೆಯ ಕಡೆ ನೋಡಿ, ಮತ್ತೆ ಟ್ಯಾಬನ್ನು ನೋಡಿದರು.

"ಕರೆಂಟು ಹೋದಾಗೊಮ್ಮೆ ಹಿಂಗಽ," ಎಂದು ಅತ್ತೆ ಅಡಿಗೆಮನೆಯಲ್ಲಿ ಪಿಸುಗುಟ್ಟಿದರು. "ಯಾವಾಗ ಬರ್ತದೋ, ಯಾವಾಗ ತಗೀತಾಳೋ ಅಂತ ತಡಕೊಂಡ ಕೂಡ್ತಾರ. ಒಮ್ಮಿ ನಾ ಅದರ ಮ್ಯಾಲ ಟವೆಲ್ಲ ಹಾಕಿದ್ದೆ. ಅಪ್ಪಾರಿಗೇನಾತು ಅಂತ ಅಂಗಡಿ ಮಂದಿ ಕಿರಣಗ ಫೋನ್ ಹೊಡದ್ರು. ಪಾಪ, ಪಾಠ ಬಿಟ್ಟು ಓಡಿ ಬಂದ. ಅವತ್ತಿಂದ ಇವರು ಮುಚ್ಚಗೊಡಂಗಿಲ್ಲ."

"ನನಗ್ಯಾಕ ಹೇಳ್ಲಿಲ್ರೀ ಅತ್ತಿ?"

"ನೀ ಕೂಡೋದೂ ಅದರ ಮುಂದ ಅಲ್ಲೇನು? ನಿನಗೆಲ್ಲಿ ಹೇಳ್ಲಿ, ಎಲ್ಲಾರೂ ಕೇಳ್ತಾರ. ಸಂಜಿಕ ಮನ್ಯಾಗ ಕಿರಣ ಇರ್ತಾನ."

ವಿದ್ಯಾವತಿ ಹೋಗಿ ಮಂಚದ ಕಾಲಿನ ಬಳಿ ಕುಳಿತಳು. ಕರೆಂಟು ಬರುವುದರೊಳಗೆ ಕೇಳಬೇಕಿತ್ತು.

"ಮಾವ, ಇದನ್ನ ತಗಸಿಬಿಡ್ಲೇನ್ರಿ?"

ಅವರು ಬಹಳ ಹೊತ್ತು ಮಾತು ಕೂಡಿಸಿಕೊಂಡರು. "ಅವತ್ತ ಚೀರಿದೆ. ಕೆಟ್ಟ... ಅನ್ಕೋಬ್ಯಾಡವ್ವ."

"ಅದಲ್ರಿ ಮಾವ."

"ಅಂಗಡಿ ನೋಡ್ಬೇಕು... ಅನಸ್ತದ. ಅಂಗಡಿ ನನ್ನ..." ಸೊಟ್ಟ ತುಟಿ ಅಲ್ಲಿಗೆ ನಿಂತಿತು. ಎಡಗೈ ಮತ್ತೆ ಗುಂಡಿಗೆ ಹೋಯಿತು. "ಕಿರಣಗ ಹೇಳಬ್ಯಾಡ. ಖುಷಿಲೆ... ಮಾಡ್ಯಾನ."

ಆದರೂ ಅವಳು ಹೇಳಿಬಿಟ್ಟಳು. ಸಂಜೆ ಕಿರಣ ಹುರುಪಿನಿಂದ ಬಂದಿದ್ದ. "ಇವತ್ತ ಅಪ್ಪ ಕಣ್ಣ ಮುಚ್ಚಿ ಎಷ್ಟ ಶಾಂತ ಕೂತಿದ್ರು, ಮಂದಿ ಎಲ್ಲಾ ಕೈಮುಗದ್ರು" ಎನ್ನುತ್ತಲೇ ಚಪ್ಪಲಿ ಬಿಟ್ಟ. ಅಂಗಳದ ನಳದ ಹತ್ತಿರ ಅವನು ಕಾಲು ತೊಳೆಯುವಾಗ ಅವಳು ಎಲ್ಲವನ್ನೂ ಹೇಳಿದಳು. ಒದ್ದೆ ಪಂಚೆ, ಗುಂಡಿ, ಬಸ್ಸಿನ ಲೆಕ್ಕ.

ಅವನು ನಳ ನಿಲ್ಲಿಸಿದ. "ಮದಲ ನಿನಗ ಆಗಿಬರವಲ್ದು ಅಂದಿ. ನಾ ಕೇಳ್ಲಿಲ್ಲ. ಈಗ ಅಪ್ಪನ ಹೆಸರಲೆ ಅದನ್ನೇ ಹೇಳಾಕತ್ತಿ."

ಮೊದಲಿನದೂ ನಿಜ, ಇದೂ ನಿಜ. ಎರಡೂ ಒಂದೇ ಬಾಯಿಂದ ಬಂದು ಇದನ್ನು ಸುಳ್ಳು ಮಾಡಿದ್ದವು.

"ಅಂಗಿ ಹಾಕೋ ಟೈಮ್ ಹೇಳು, ಆ ಮ್ಯಾಲ ತಗಿಯೋ ಹಂಗ ಸೆಟ್ ಮಾಡ್ತೀನಿ," ಎಂದ ಸ್ವಲ್ಪ ಮೆತ್ತಗಾಗಿ.

"ಅದೂ ತಾನೇ ತಗೀತದಲ್ರಿ. ಅವರನ್ನ ಕೇಳಿ ತಗೀಬೇಕು."

"ಕೇಳಿದ್ರ ಬ್ಯಾಡ ಅಂತಾರ! ಲಕ್ವಾ ಹೊಡದಾಗ ಏನಂದ್ರು? ಔಷಧ ಬ್ಯಾಡ, ಊಟ ಬ್ಯಾಡ, ಏನೂ ಬ್ಯಾಡ ಅಂತ ಕೈ ಮಾಡ್ತಿದ್ರು. ಗೋಡಿ ಕಡೆ ಮಾರಿ ಮಾಡಿ ಮಲಗಿದ್ರು. ನೀನೂ ಇದ್ದೆಲ್ಲ? ಈ ಮಾತು ಹ್ಯಾಂಗ ಬಂತು, ಅಂಗಡಿ ಕಾಣಸ್ತಂತ ಬಂತು. ಬಂದ್ ಮಾಡಿದ್ರ ಮತ್ತ ಮೂಕಾಗ್ತಾರ. ಆಗ ಯಾರು ಜವಾಬ್ದಾರಿ? ನೀನೇನು?"

ಅವನ ಕಣ್ಣಲ್ಲಿ ನೀರಿತ್ತು. ಹೆದರಿಕೆಯ ನೀರು. ವಿದ್ಯಾವತಿ ಬಗ್ಗಿ ಅವನ ಚಪ್ಪಲಿ ಜೋಡಿಸಿಟ್ಟಳು.

ಮರುದಿನ ಜ್ವರ ಇಳಿದಿತ್ತು. ಬಸ್ಸು ರಾಜೇಶ್ವರ ದಾಟುವಾಗ ಅವಳು ಮೊಬೈಲಿನಲ್ಲಿ ಹೊತ್ತು ನೋಡಿದಳು. ಈಗ ಮಾವ ಮಂಚದ ಮೇಲೆ ಗಂಟೆ ಎಷ್ಟೆಂದು ಕೇಳುತ್ತಿದ್ದಾರೆ. ಬಸ್ಸು ತಡವಾದಷ್ಟೂ ಒಳ್ಳೆಯದೆನಿಸಿತು. ತಡವಾಗಲಿಲ್ಲ.

ಅಂಗಡಿಯ ಮುಂದೆ ಬೇಮಳಖೇಡದ ಹಜಿರಾ ಬೀ ಕಾಯುತ್ತ ಕುಳಿತಿದ್ದಳು. ಮೊಮ್ಮಗಳು ಸಿಮ್ರಾನಳ ಮದುವೆ; ತಾಮ್ರದ ದೊಡ್ಡ ದೇಗು ಬೇಕಿತ್ತು, ಬಿರಿಯಾನಿ ಬೇಯಿಸುವಂಥದ್ದು. ತನ್ನ ಮದುವೆಯ ಭಾಂಡೆಯನ್ನೂ ಇದೇ ಗಾದಿಯಿಂದ ಒಯ್ದವಳು.

"ಜಲ್ದಿ ತಗಿ ಬೇಟಿ. ಬಸವಣಪ್ಪ ಸೇಠ್‌ನ ಬೋಣಿ ಆಗ್ಬೇಕು ನಂಗ. ಬಾಕಿದವ್ರು ಬರೋದ್ರಾಗ."

ವಿದ್ಯಾವತಿ ಗಾದಿಯ ಮೇಲೆ ಕುಳಿತು ಕಂಪ್ಯೂಟರ್ ಹಚ್ಚಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬೆರಳು ಮೌಸಿನ ಮೇಲಿತ್ತು. ಒತ್ತಲಿಲ್ಲ. ಮೊಬೈಲ್ ತೆಗೆದು ಅತ್ತೆಗೆ ಫೋನು ಮಾಡಿದಳು.

"ಅತ್ತಿ, ಮಾವಾರನ್ನ ಕೇಳ್ರಿ. ತಗೀಲೇನು ಅಂತ."

"ಅದೇನ್ ಕೇಳೋದವ್ವ? ತಗಿ. ಅಂಗಿ ಹಾಕೀನಿ, ರುಮಾಲ ಸುತ್ತೀನಿ."

"ಇಲ್ರಿ. ಕೇಳ್ರಿ."

ಫೋನಿನೊಳಗೆ ಅತ್ತೆ ಕೇಳಿದ್ದು ದೂರದಿಂದ ಕೇಳಿಸಿತು.

"ತಡಿ ಅಂದ್ರು," ಎಂದರು ಅತ್ತೆ. ಅವರ ದನಿಯಲ್ಲಿ ಆಶ್ಚರ್ಯವಿತ್ತು.

"ಆತ್ರಿ. ತಡೀತೀನಿ."

ತಡೆದಳು. ಇನ್ನಿಬ್ಬರು ಗಿರಾಕಿಗಳು ಬಂದು, ಬಿಲ್ಲಿಂಗ್ ಇನ್ನೂ ಚಾಲೂ ಇಲ್ಲ ಎಂದು ಕೇಳಿ, ಪಕ್ಕದ ಸಾಲಿನ ಅಂಗಡಿಗೆ ಹೋದರು. ಅಂಬಾದಾಸ ಚಹ ತಂದು ಖಾಲಿ ಪರದೆಯನ್ನು ನೋಡಿದ. "ಏನ್ ಅಕ್ಕಾರ, ಇವತ್ತ ಅಪ್ಪಾರದು ಸೂಟಿ ಏನು?"

"ಬರ್ತಾರ. ತಡೀ ಅಂದಾರ."

"ಹಾಂ? ಅವರೂ ತಡೀ ಅಂತಾರೇನು?" ಎಂದು ನಕ್ಕವನು ಅವಳ ಮುಖ ನೋಡಿ ಗ್ಲಾಸು ಇಟ್ಟು ಹೋದ.

ಮತ್ತೆ ಕೇಳಿದಳು. ಮತ್ತೆ ತಡಿ ಎಂದರು. ಮೂರನೆಯ ಸಲ ಕೇಳಿದಾಗ ಅತ್ತೆ, "ಏನೂ ಅನವಲ್ರು. ಆಚಿ ಗೋಡಿ ಕಡೆ ಮಾರಿ ಮಾಡ್ಯಾರ," ಎಂದರು.

ವಿದ್ಯಾವತಿಯ ಬೆರಳು ಮತ್ತೆ ಮೌಸಿನ ಮೇಲೆ ಹೋಯಿತು. ಯಾರು ಜವಾಬ್ದಾರಿ ಎಂದು ಕಿರಣ ಕೇಳಿದ್ದ. ಒಂದು ಸಲ ಮೌಸ್ ಒತ್ತಿದರೆ ಮುಗಿಯಿತು. ಅಲ್ಲಿ ಟ್ಯಾಬ್ ರಾಗ ಎಳೆಯುತ್ತದೆ, ಅವರು ಈ ಕಡೆ ತಿರುಗಲೇಬೇಕಾಗುತ್ತದೆ, ಎಡಗೈ ಹಣೆಗೆ ಹೋಗಲೇಬೇಕಾಗುತ್ತದೆ. ಮಾತಾಡುವಂತೆ ಮಾಡುವುದು ಅಷ್ಟು ಸುಲಭ.

ಕಿವಿಯಲ್ಲಿ ಬೀಪ್ ಬಡಿಯತೊಡಗಿತು. ಇನ್ನೊಂದು ಕರೆ. ಕಿರಣ. ಅಂಗಡಿ ತೆರೆದ ಮೆಸೇಜು ಅವನಿಗೆ ಹೋಗಿರಲಿಲ್ಲ.

"ಏ ಬೇಟಿ, ನಿನ್ನ ಕಂಪ್ಯೂಟರ್ ಮುಲಾಜು ಸಾಕು," ಎಂದು ಹಜಿರಾ ಬೀ ಎದ್ದಳು. "ಸೇಠ್ ಮದಲ ಏನ್ ಟಿವ್ಯಾಗ ಕುಂತಿದ್ದನಾ? ಈ ದೇಗು ನೋಡು, ಛಲೋ ಅದನಾ ಇಲ್ಲಾ, ಅಷ್ಟು ಹೇಳು."

ಅವಳು ದೇಗನ್ನು ಗಾದಿಯ ಅಂಚಿಗೆ ಎಳೆದಳು. ವಿದ್ಯಾವತಿ ಅದನ್ನು ನೋಡಿದಳು, ಕೈಯಲ್ಲಿದ್ದ ಫೋನನ್ನು ನೋಡಿದಳು.

"ಅತ್ತಿ, ಫೋನ್ ಅವರ ಕಿವಿಗಿ ಹಿಡೀರಿ. ಏನೂ ಹೇಳಬ್ಯಾಡ್ರಿ. ಬರೇ ಹಿಡೀರಿ."

ಮೊಬೈಲನ್ನು ದೇಗಿನ ಬಾಯಿಗೆ ತಂದು, ತೋರುಬೆರಳು ಮಡಚಿ, ಉಗುರಿನಿಂದ ಚಿಮ್ಮಿದಳು. ನಾದ ತಾಮ್ರದ ಹೊಟ್ಟೆಯೊಳಗೆ ಸುತ್ತಿ ಸುತ್ತಿ ಸಣ್ಣದಾಯಿತು. ಫೋನನ್ನು ಕಿವಿಗೆ ತಂದಳು. ಅಲ್ಲಿ ಒಬ್ಬ ಮನುಷ್ಯ ಉಸಿರಾಡುತ್ತಿದ್ದ. ಮುಖವಿಲ್ಲ, ರುಮಾಲಿಲ್ಲ, ಅಂಗಿ ಇದೆಯೋ ಇಲ್ಲವೋ ಕಾಣುವುದಿಲ್ಲ.

"ಬ್ಯಾಡ," ಎಂದಿತು ದನಿ. "ಕಂಠದಾಗ... ಸೀಳದ. ಬ್ಯಾರೆದು."

"ಏನಂದ? ಏನಂದ ಸೇಠ್?" ಹಜಿರಾ ಬೀ ಅವಳ ರಟ್ಟೆ ಹಿಡಿದಳು.

"ಬ್ಯಾರೆದು ಅಂದ್ರು."

"ನೋಡು! ಮತ್ತ!" ಎಂದು ಮುದುಕಿ ತಾನೇ ಸೊಂಟ ಬಗ್ಗಿಸಿ ಇನ್ನೊಂದು ದೇಗನ್ನು ಉರುಳಿಸಿಕೊಂಡು ಬಂದಳು.

ಬೀಪ್ ನಿಲ್ಲಲಿಲ್ಲ. ಕಿರಣ ಬಿಟ್ಟು ಬಿಟ್ಟು ಹೊಡೆಯುತ್ತಿದ್ದ. ಬಹುಶಃ ಪಾಠ ಬಿಟ್ಟು ಗೇಟಿನ ಹತ್ತಿರ ಬಂದಿರಬೇಕು, ಗಾಡಿಯ ಕೀಲಿ ಕೈಯಲ್ಲಿ ಹಿಡಿದು. ವಿದ್ಯಾವತಿ ಎರಡನೆಯ ದೇಗಿಗೆ ಉಗುರು ಚಿಮ್ಮಿದಳು. ಈ ಸಲ ನಾದ ದೊಡ್ಡದಾಗಿ ಎದ್ದಿತು, ಕಟ್ಟೆಯ ಮೇಲಿನ ಹಂಡೆಗಳೂ ಅದಕ್ಕೆ ಸಣ್ಣಗೆ ಓಗೊಟ್ಟವು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಮಾವ ಏನೋ ಅಂದರು. ಸರಿಯಾಗಿ ಅದೇ ಹೊತ್ತಿಗೆ ಬೀಪ್ ಬಡಿದು ಆ ಮಾತನ್ನು ನುಂಗಿತು.

"ಮಾವ," ಎಂದಳು ಅವಳು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು. "ಕೇಳ್ಸಲಿಲ್ರಿ. ಇನ್ನೊಮ್ಮಿ ಹೇಳ್ರಿ."